ಲೆದರ್ ಹವಳ ಅರಳುತ್ತಿಲ್ಲ, ನೀರಿನ ಪರೀಕ್ಷೆಯಲ್ಲಿ ಎಲ್ಲ ಸೊನ್ನೆ. ತಪ್ಪೆಲ್ಲಿ?

ಪ್ರಶ್ನೆ: ರೀಫ್ ಟ್ಯಾಂಕಿನ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಲೆದರ್ ಹವಳ ಮೂರು ವಾರದಿಂದ ಮುದುಡಿಕೊಂಡಿದೆ, ಬಣ್ಣವೂ ಮಾಸಿದೆ. ಪಕ್ಕದ ಕ್ಸೀನಿಯಾ ಎಂಬ ಮೃದು ಹವಳ ಕೂಡ ಸೊರಗುತ್ತಿದೆ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಫಾಸ್ಫೇಟ್ ಎಲ್ಲವೂ ಸೊನ್ನೆ. ಮೀನುಗಳು ಚುರುಕಾಗಿವೆ. ಏನು ಮಾಡಲಿ?

ಉತ್ತರ: ಲೆದರ್ ಹವಳ ಆಗಾಗ ಪೊರೆ ಬಿಡುತ್ತದೆ. ಪಾಲಿಪ್‌ಗಳನ್ನು (ಹವಳದ ಮೈಮೇಲೆ ಅರಳುವ ಪುಟ್ಟ ಜೀವಿಗಳು) ಒಳಗೆಳೆದುಕೊಂಡು, ಮೇಣ ಸವರಿದಂತೆ ಹೊಳೆಯುತ್ತದೆ. ಕೆಲವು ದಿನಗಳಿಂದ ಒಂದೆರಡು ವಾರದೊಳಗೆ ಆ ತೆಳುಪದರ ಕಳಚಿ ಮತ್ತೆ ಅರಳುತ್ತದೆ. ಮೈ ಗಟ್ಟಿಯಾಗಿದ್ದು ಕೆಟ್ಟ ವಾಸನೆ ಇಲ್ಲದಿದ್ದರೆ, ಪವರ್‌ಹೆಡ್ (ನೀರು ತಳ್ಳುವ ಪಂಪು) ತಿರುಗಿಸಿ ಅದರ ಮೇಲೆ ನೀರಿನ ಓಟ ಸ್ವಲ್ಪ ಹೆಚ್ಚಿಸಿದರೆ ಸಾಕು, ಪೊರೆ ಬೇಗ ಕಳಚುತ್ತದೆ. ನೇರವಾಗಿ ರಭಸದ ಧಾರೆ ಬಡಿಯಬಾರದು. ಆದರೆ ನಿಮ್ಮಲ್ಲಿ ಮೂರು ವಾರ ಕಳೆದಿದೆ, ಬಣ್ಣ ಮಾಸಿದೆ, ಕ್ಸೀನಿಯಾವೂ ಕುಗ್ಗಿದೆ. ಇದು ಪೊರೆಯಷ್ಟೇ ಅಲ್ಲ.

ನಮ್ಮ ಮೊದಲ ಅನುಮಾನ ನೀವು ಹೇಳಿದ ಆ ಸೊನ್ನೆಗಳ ಮೇಲೆಯೇ. ಅಮೋನಿಯಾ, ನೈಟ್ರೈಟ್ ಸೊನ್ನೆ ಇರಲೇಬೇಕು. ನೈಟ್ರೇಟ್, ಫಾಸ್ಫೇಟ್ ಹಾಗಲ್ಲ. ಹವಳದ ಮೈಯೊಳಗಿನ ಪಾಚಿಗೆ ಸಾರಜನಕವೂ ರಂಜಕವೂ ಬೇಕು. ಅವು ಸಿಗದಿದ್ದರೆ ಹವಳ ಬಿಳಚಿಕೊಂಡು ಕುಗ್ಗುತ್ತದೆ. ಮೃದು ಹವಳಕ್ಕೆ ನೈಟ್ರೇಟ್ 5ರಿಂದ 15 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಚೆನ್ನ. ಫಾಸ್ಫೇಟ್ ಹೀರುವ ಮಾಧ್ಯಮ ಹಾಕಿದ್ದರೆ ತೆಗೆಯಿರಿ, ನೊರೆಯ ಮೂಲಕ ಕಲ್ಮಶ ತೆಗೆಯುವ ಸ್ಕಿಮ್ಮರನ್ನು ದಿನಕ್ಕೆ ಕೆಲವು ಗಂಟೆ ನಿಲ್ಲಿಸಿ, ಮೀನಿಗೆ ಆಹಾರ ತುಸು ಹೆಚ್ಚಿಸಿ. ವಾರಕ್ಕೆ ಎರಡು ಸಲ ಅಳೆಯುತ್ತಾ ನಿಧಾನಕ್ಕೆ ಏರಿಸಿ. ಸೊನ್ನೆಯಲ್ಲೇ ಬಿಟ್ಟರೆ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಕಂದು ಲೋಳೆ ಹಬ್ಬುವ ಭಯವೂ ಉಂಟು.

ಇನ್ನೊಂದು ಕಾರಣ ಕಣ್ಣಿಗೆ ಕಾಣುವುದಿಲ್ಲ. ಲೆದರ್ ಹವಳಗಳು ನೆರೆಯ ಹವಳಗಳನ್ನು ದೂರವಿಡಲು ಟರ್ಪೀನ್ ಎಂಬ ವಿಷವಸ್ತುಗಳನ್ನು ನೀರಿಗೆ ಬಿಡುತ್ತವೆ. ಮುಚ್ಚಿದ ಟ್ಯಾಂಕಿನಲ್ಲಿ ಅವು ಹೋಗುವುದೆಲ್ಲಿಗೆ? ಪರೀಕ್ಷಾ ಕಿಟ್‌ಗಳಿಗೂ ಅವು ಸಿಗುವುದಿಲ್ಲ. ಆಕ್ಟಿವೇಟೆಡ್ ಕಾರ್ಬನ್ ಹೀರಿಕೊಳ್ಳುತ್ತದೆ: 200 ಲೀಟರಿಗೆ ಸುಮಾರು 250 ಮಿಲಿಲೀಟರ್ ಕಾರ್ಬನ್, ಪುಡಿ ಹೋಗುವವರೆಗೆ ಆರ್‌ಒ ನೀರಿನಲ್ಲಿ ತೊಳೆದು, ನೀರು ಅದರ ಮೂಲಕವೇ ಹಾಯುವಂತೆ ಇಡಿ. ಮೊದಲ ವಾರ ಅರ್ಧದಷ್ಟೇ ಹಾಕಿ. ಹಳದಿ ಛಾಯೆ ಒಮ್ಮೆಲೇ ಹೋಗಿ ನೀರು ತಿಳಿಯಾದರೆ ಬೆಳಕು ಏಕಾಏಕಿ ತೀಕ್ಷ್ಣವಾಗಿ ಹವಳಕ್ಕೆ ಹೊಡೆತ ಬೀಳುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಿ. ಇದರ ಜೊತೆ ವಾರಕ್ಕೆ ಶೇ 10ರಷ್ಟು ನೀರು ಬದಲಾವಣೆ.

ಲವಣಾಂಶವನ್ನೂ ಮತ್ತೊಮ್ಮೆ ನೋಡಿ. ಅದನ್ನು ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಆರ್‌ಒ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು, 35 ಪಿಪಿಟಿ (ಸಾವಿರಕ್ಕೆ 35 ಭಾಗ) ಲವಣಾಂಶದ ದ್ರಾವಣದಲ್ಲೇ ಹೊಂದಿಸಬೇಕು. ಗುರಿ 35 ಪಿಪಿಟಿ, ಅಂದರೆ ಸಾಪೇಕ್ಷ ಸಾಂದ್ರತೆ 1.026ರ ಆಸುಪಾಸು. ಕ್ಷಾರತೆ 7ರಿಂದ 9 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ) ಒಳಗೆ ಸ್ಥಿರವಾಗಿರಲಿ. ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಳಿತ ಬೇಡ. ಹೊಸ ಎಲ್‌ಇಡಿ ಹಾಕಿದ್ದರೆ ಪ್ರಖರತೆ ಇಳಿಸಿ, ಎರಡು ಮೂರು ವಾರದಲ್ಲಿ ಏರಿಸಿ. ದೀಪ ಆರಿದ ಮೇಲೆ ಟಾರ್ಚ್ ಹಿಡಿದು ಹವಳದ ಬುಡ ನೋಡುವುದನ್ನು ಮರೆಯಬೇಡಿ: ಹವಳದ್ದೇ ಬಣ್ಣ ತಳೆದ ನುಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುಗಳು ರಾತ್ರಿ ಮೇಯುತ್ತವೆ.

ಇವೆಲ್ಲವನ್ನೂ ಒಂದೇ ದಿನ ಮಾಡಬೇಡಿ. ಮೊದಲು ಲವಣಾಂಶ, ಆಮೇಲೆ ಕಾರ್ಬನ್, ಆಮೇಲೆ ಪೋಷಕಾಂಶ. ಒಂದೊಂದರ ನಡುವೆ ಒಂದು ವಾರ ಬಿಡಿ. ಕಾದು ನೋಡುವ ಮಾತು ಅನ್ವಯಿಸದ ಸ್ಥಿತಿ ಒಂದೇ: ಹವಳದ ಭಾಗ ಕಂದಾಗಿ ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಅಂದೇ ಹವಳವನ್ನು ಹೊರತೆಗೆಯಿರಿ. ಕೈಗವಸು, ಕನ್ನಡಕ ಹಾಕಿ, ಹೊಸ ಬ್ಲೇಡಿನಿಂದ ಆರೋಗ್ಯದ ಮಾಂಸ ಕಾಣುವವರೆಗೆ ಕತ್ತರಿಸಿ. ಟ್ಯಾಂಕಿನ ನೀರನ್ನೇ ಬೇರೆ ಪಾತ್ರೆಗೆ ತುಂಬಿ, ಅಯೋಡಿನ್ ಡಿಪ್ (ಹವಳ ಅದ್ದುವ ಸೋಂಕುನಿವಾರಕ ದ್ರಾವಣ) ಅನ್ನು ಬಾಟಲಿಯ ಮೇಲಿನ ಅಳತೆಯಂತೆ ಬೆರೆಸಿ ಅದ್ದಿ. ಆ ನೀರನ್ನು ಟ್ಯಾಂಕಿಗೆ ಸುರಿಯದೆ ಚೆಲ್ಲಿ, ಹವಳವನ್ನು ಮಂದ ಬೆಳಕಿನ, ನೀರು ಚೆನ್ನಾಗಿ ಓಡುವ ಜಾಗದಲ್ಲಿಡಿ.