ಮೂಗಿಗೆ ಟವೆಲ್ ಕಟ್ಟಿದರೆ ಸಾಲದು

ನಾನು ಸಮುದಾಯ ಆರೋಗ್ಯದ ವೈದ್ಯ. ರಾಯಚೂರು ಕಡೆಯ ಹಳ್ಳಿಗಳಲ್ಲಿ ಹತ್ತಿಗೆ, ಮೆಣಸಿನಕಾಯಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವವರಿಗೆ ತರಬೇತಿ ಕೊಡುತ್ತೇನೆ. ಯಾವ ಊರಿಗೆ ಹೋದರೂ ಒಬ್ಬರಾದರೂ ಈ ಮಾತು ಹೇಳೇ ಹೇಳುತ್ತಾರೆ: "ಎಣ್ಣಿ ಹೊಡಿಯೂ ಮುಂದ ಮೂಗಿಗೆ ಟವೆಲ್ ಕಟ್ಕೋತೀವಲ್ರೀ ಸಾಹೇಬ್ರ, ಮತ್ತೇನ್ ಮಾಡ್ಬೇಕು?"

ಮೈ ನೋಡಿದರೆ ಅರ್ಧ ತೋಳಿನ ಬನಿಯನ್, ಮೊಣಕಾಲಿಗೆ ಎತ್ತಿ ಕಟ್ಟಿದ ಲುಂಗಿ, ಬರಿಗಾಲು. ವಾಸನೆ ಬರುವುದು ಮೂಗಿಗೆ, ಹಾಗಾಗಿ ವಿಷ ಹೋಗುವುದೂ ಮೂಗಿನಿಂದಲೇ ಅನ್ನೋದು ಎಲ್ಲರ ನಂಬಿಕೆ. ಉಸಿರಿನಿಂದ ಹೋಗುವುದೇ ಇಲ್ಲ ಅಂತಲ್ಲ. ಆದರೆ ಬೆನ್ನಿಗೆ ಪಂಪ್ ಹೊತ್ತು ಹೊಡೆಯುವವರ ಮೈಗೆ ಸೇರುವ ಕೀಟನಾಶಕದಲ್ಲಿ ಹೆಚ್ಚಿನ ಪಾಲು ಒಳಗೆ ಹೋಗುವುದು ಚರ್ಮದ ಮೂಲಕ. ಗಾಯ ಇರಬೇಕಂತಿಲ್ಲ. ಗಟ್ಟಿ ಇರುವ ಚರ್ಮದಿಂದಲೂ ಇಳಿಯುತ್ತದೆ, ಬೆವರಿದ ಮೈಯಿಂದ ಇನ್ನೂ ಜಾಸ್ತಿ.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೆ ನಾವು ತೋರಿಸಿಯೇ ಬಿಡುತ್ತೇವೆ. ಹೊಸದೊಂದು ಪಂಪಿಗೆ ನೀರು ತುಂಬಿ, ಬಟ್ಟೆಗೆ ಹಾಕುವ ನೀಲಿ ಕಲಸುತ್ತೇವೆ. ಒಬ್ಬರು ಬಿಳಿ ಅಂಗಿ, ಬಿಳಿ ಪೈಜಾಮ ಹಾಕಿಕೊಂಡು ಎಂದಿನಂತೆ ನಾಲ್ಕು ಸಾಲು ಹೊಡೆದು ಬರುತ್ತಾರೆ. ವಾಪಸ್ ಬಂದವರನ್ನು ನಡುವೆ ನಿಲ್ಲಿಸಿ ಎಲ್ಲರೂ ಸುತ್ತು ಹಾಕಿ ನೋಡುತ್ತಾರೆ. ಮುಖದ ಮೇಲೆ ಅಲ್ಲಲ್ಲಿ ಚುಕ್ಕಿ ಇರುತ್ತದೆ, ಅಷ್ಟೇ. ತೊಡೆ, ಮೀನಖಂಡ ಮಾತ್ರ ಪೂರ್ತಿ ನೀಲಿ, ಯಾಕೆಂದರೆ ಹೊಡೆದ ಗಿಡದೊಳಗೇ ಮುಂದೆ ಮುಂದೆ ನಡೆದಿರುತ್ತಾರೆ. ಹಿಡಿಕೆ ಸೋರುವುದರಿಂದ ಬಲಗೈ ನೀಲಿ. ಆಮೇಲೆ ಬೆನ್ನು ತಿರುಗಿಸಲು ಹೇಳುತ್ತೇವೆ. ಪಂಪಿನ ಮುಚ್ಚಳದಿಂದ ಜಿನುಗಿದ ನೀರು ಬೆನ್ನಿನ ಗುಂಟ ಇಳಿದು ಸೊಂಟದಲ್ಲಿ ನಿಂತು, ಅಲ್ಲಿಂದ ತೊಡೆಸಂದಿಗೆ ಹೋಗಿರುತ್ತದೆ.

ಆಗ ಎಲ್ಲರೂ ಸುಮ್ಮನಾಗುತ್ತಾರೆ. ನಾನು ಮುಂದಿನ ಮಾತು ಹೇಳುವುದು ಆಗಲೇ. 1971ರಲ್ಲಿ ಅಮೆರಿಕದ ಸಂಶೋಧಕರು ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಸ್ವಯಂಸೇವಕರ ಮೈಯ ಬೇರೆ ಬೇರೆ ಜಾಗಕ್ಕೆ ಹಚ್ಚಿ, ಎಲ್ಲಿಂದ ಎಷ್ಟು ಒಳಗೆ ಹೋಗುತ್ತದೆ ಎಂದು ಅಳೆದಿದ್ದರು. ಮುಂಗೈಗೆ ಹೋಲಿಸಿದರೆ ಹಣೆಯಿಂದ ಸುಮಾರು 4 ಪಟ್ಟು, ಕಂಕುಳಿಂದ 7 ಪಟ್ಟು, ವೃಷಣದ ಚರ್ಮದಿಂದ ಹೆಚ್ಚು ಕಡಿಮೆ 12 ಪಟ್ಟು ಹೀರಿಕೊಂಡಿತ್ತು. ಸೋರುವ ಪಂಪ್ ವಿಷವನ್ನು ಇಳಿಸುವುದು ಅದೇ ಜಾಗಕ್ಕೆ. ಕೆಲವು ರೂಪಾಯಿಯ ವಾಷರ್ ಹಾಕಿಸಿದರೆ ನಿಲ್ಲುವ ಸೋರಿಕೆ ಅದು.

ಒಳಗೆ ಹೋದ ಮೇಲೆ ಏನಾಗುತ್ತದೆ? ಮೊನೊಕ್ರೊಟೊಫಾಸ್, ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಇವೆಲ್ಲ ಒಂದೇ ಗುಂಪಿನವು. ನರದಿಂದ ಸ್ನಾಯುವಿಗೆ ಸುದ್ದಿ ಮುಟ್ಟಿಸುವ ಒಂದು ರಸಾಯನ ನಮ್ಮ ದೇಹದಲ್ಲಿದೆ. ಸುದ್ದಿ ಮುಟ್ಟಿದ ಕೂಡಲೇ ಅದನ್ನು ಒಡೆದು ಹಾಕಲು ಕೋಲಿನೆಸ್ಟರೇಸ್ ಎಂಬ ಕಿಣ್ವವೂ ಇದೆ. ಈ ವಿಷಗಳು ಆ ಕಿಣ್ವವನ್ನೇ ಕಟ್ಟಿ ಹಾಕುತ್ತವೆ. ಒಡೆಯುವವರಿಲ್ಲದೆ ಆ ರಸಾಯನ ತುಂಬಿಕೊಂಡು ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ವಾಂತಿ, ಭೇದಿ, ಸ್ನಾಯು ಅದುರುವುದು, ಕೊನೆಗೆ ಉಸಿರಿಗೇ ತೊಂದರೆ.

ನನ್ನ ಕಾಳಜಿ ಇರುವುದು ಈ ಕಿಣ್ವದ ಇನ್ನೊಂದು ಗುಣದ ಬಗ್ಗೆ. ಒಮ್ಮೆ ಕಡಿಮೆಯಾದರೆ ಅದು ಮೊದಲಿನ ಮಟ್ಟಕ್ಕೆ ಬರಲು ವಾರಗಟ್ಟಲೆ ಬೇಕು. ತನ್ನ ಎರಡೆಕರೆಗೆ ಒಂದು ದಿನ ಹೊಡೆದ ರೈತನಿಗೆ ಆ ಬಿಡುವು ಸಿಗುತ್ತದೆ. ಇವತ್ತು ಗೌಡರ ಹೊಲ, ನಾಳೆ ಸಾಹುಕಾರರ ಹೊಲ ಅಂತ ಇಡೀ ಹಂಗಾಮು ಪಂಪ್ ಹೊರುವ ಕೂಲಿಯವನಿಗೆ ಸಿಗುವುದಿಲ್ಲ. ಮೊದಲ ವಾರ ಏನೂ ಆಗದ ಪ್ರಮಾಣವೇ ಮೂರನೇ ವಾರ ಅವನನ್ನು ಮಲಗಿಸಬಹುದು. "ಇಷ್ಟು ವರ್ಷ ಹೊಡ್ದೀನಿ, ಏನೂ ಆಗಿಲ್ಲ" ಅನ್ನುವ ಧೈರ್ಯ ಅದಕ್ಕೇ ಅಪಾಯ.

ಆದರೆ ತರಬೇತಿಗೆ ಕರೆಯುವುದು ಯಾರನ್ನು? ಪಹಣಿ ಇರುವವರನ್ನು. ಸಭೆ ನಡೆಯುವುದು ಬೆಳಿಗ್ಗೆ 11ಕ್ಕೆ, ಕೂಲಿಯವರು ಹೊಲದಲ್ಲಿರುವ ಹೊತ್ತಿಗೆ. ಕೈಗವಸು, ಮಾಸ್ಕ್ ಇರುವ ಕಿಟ್ ಕೂಡ ಜಮೀನಿನ ಮಾಲೀಕರ ಮನೆ ಸೇರಿ ಅಟ್ಟ ಹತ್ತುತ್ತದೆ. ಕಾನೂನಿನಲ್ಲಿ ಹೀಗಿಲ್ಲ. 1968ರ ಕೀಟನಾಶಕ ಕಾಯ್ದೆಯಡಿ ಬಂದ 1971ರ ನಿಯಮಗಳ ಪ್ರಕಾರ ತಯಾರಕರು, ವಿತರಕರು, ಸಿಂಪರಣೆ ಮಾಡಿಸುವವರು ಸುರಕ್ಷತೆಯ ತರಬೇತಿ ಏರ್ಪಡಿಸಬೇಕು. ಹೊಲದಲ್ಲಿ ಪಂಪ್ ಹೊತ್ತವರನ್ನು ಕೇಳಿ ನೋಡಿ, ಇಂಥದ್ದೊಂದು ನಿಯಮ ಇದೆ ಅನ್ನೋದೇ ಹೆಚ್ಚಿನವರಿಗೆ ಗೊತ್ತಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷ ತಗುಲಿ 20ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅವರಲ್ಲಿ ಕೂಲಿಗೆ ಹೋದವರೂ ಇದ್ದರು. ಆ ವರ್ಷ ಅಲ್ಲಿ ಹತ್ತಿ ಆಳೆತ್ತರ ಬೆಳೆದು, ಹೊಡೆದ ಔಷಧಿ ಮೈಮೇಲೇ ಬೀಳುವಂತಾಗಿತ್ತು. ಅಂಥ ಹತ್ತಿ ನಮ್ಮಲ್ಲೂ ಬೆಳೆಯುತ್ತದೆ, ಅಲ್ವಾ?

ಹಾಗಾಗಿ ನಾವೀಗ ಬೆಳಿಗ್ಗೆ 6ಕ್ಕೆ, ಕೂಲಿಯವರು ಗಾಡಿಗೆ ಕಾಯುವ ಕಟ್ಟೆಯ ಹತ್ತಿರವೇ ಮಾತಾಡುತ್ತೇವೆ. ಅರ್ಧ ಗಂಟೆಯಲ್ಲಿ ಹತ್ತಾರು ವಿಷಯ ತುರುಕಿದರೆ ಒಂದೂ ತಲೆಯಲ್ಲಿ ಉಳಿಯುವುದಿಲ್ಲ. ಚರ್ಮದ ಮಾತೊಂದನ್ನೇ ಹಿಡಿದುಕೊಳ್ಳುತ್ತೇವೆ. ಸೆಪ್ಟೆಂಬರಿನ ಸೆಕೆಯಲ್ಲಿ ಮೈತುಂಬ ಪ್ಲಾಸ್ಟಿಕ್ ಹಾಕಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಬಿಸಿಲಿಗೇ ಬಿದ್ದಾರು. ತುಂಬು ತೋಳಿನ ಅಂಗಿ, ಪೂರ್ತಿ ಪ್ಯಾಂಟ್, ಬೆನ್ನಿಗೂ ಪಂಪಿಗೂ ನಡುವೆ ಹೊಸ ಪ್ಲಾಸ್ಟಿಕ್ ಹಾಳೆ. ಬೂಟು ಇದ್ದರೆ ಪ್ಯಾಂಟಿನ ಅಂಚು ಬೂಟಿನ ಹೊರಗೆ ಇರಲಿ. ಒಳಗೆ ಸಿಕ್ಕಿಸಿದರೆ ಇಳಿದದ್ದೆಲ್ಲ ಬೂಟಿನೊಳಗೇ ತುಂಬುತ್ತದೆ. ಗಾಳಿಗೆ ಎದುರಾಗಿ ಹೊಡೆಯಬಾರದು. ನಾಜಲ್ ಕಟ್ಟಿದರೆ ಬಾಯಿಂದ ಊದಬಾರದು.

ಎಲ್ಲಕ್ಕಿಂತ ಅಪಾಯದ ಹೊತ್ತು ಕಲಸುವಾಗ. ಬಾಟಲಿಯಲ್ಲಿರುವುದು ಗಟ್ಟಿ ವಿಷ. ಹೊಡೆಯುವಾಗ ಒಂದಿಷ್ಟು ಜಾಗ್ರತೆ ವಹಿಸುವವರೂ ಕಲಸುವಾಗ ಬಕೆಟ್ಟಿಗೆ ಮೊಣಕೈವರೆಗೆ ಕೈ ಇಳಿಸುತ್ತಾರೆ. ಕೋಲು ಬಳಸಿ, ರಬ್ಬರಿನ ಕೈಗವಸು ಹಾಕಿ. ಬಟ್ಟೆಯ ಕೈಗವಸು ಬೇಡವೇ ಬೇಡ, ಅದು ವಿಷ ಹೀರಿಕೊಂಡು ಕೈಗೆ ಅಂಟಿಸಿ ಇಡುತ್ತದೆ. ಒದ್ದೆಯಾದ ಟವೆಲ್ ಮೂಗಿಗೆ ಮಾಡುವುದೂ ಅದನ್ನೇ.

ಮಾಲೀಕರ ಹತ್ತಿರ ಕೇಳುವುದು ಬೇರೆ. ಕೂಲಿ ಟ್ಯಾಂಕಿನ ಲೆಕ್ಕದಲ್ಲಿದ್ದರೆ ಯಾರೂ ನಡುವೆ ಕೈ ತೊಳೆಯಲು ನಿಲ್ಲುವುದಿಲ್ಲ. ಒಂದು ಟ್ಯಾಂಕ್ ಕಡಿಮೆಯಾದರೆ ದುಡ್ಡು ಕಡಿಮೆ. ಬೀಡಿ, ಎಲೆಅಡಿಕೆ, ರೊಟ್ಟಿ ಎಲ್ಲ ಅದೇ ಕೈಯಲ್ಲೇ ಆಗುತ್ತದೆ. ದಿನಗೂಲಿ ಕೊಡಿ, ಬದುವಿನ ಮೇಲೆ ಒಂದು ಕೊಡ ನೀರು, ಒಂದು ಸೋಪು ಇಡಿ. ಹೊತ್ತು ಏರುವ ಮುಂಚೆ ಕೆಲಸ ಮುಗಿಯುವ ಹಾಗೆ ನೋಡಿಕೊಳ್ಳಿ. ಇದು ದೊಡ್ಡ ಖರ್ಚೇನಲ್ಲ.

ತಲೆ ಸುತ್ತಿ ಬಂದವರನ್ನು "ಬಿಸಿಲು ಹೊಡೀತು" ಅಂತ ಮರದ ಕೆಳಗೆ ಮಲಗಿಸುವುದನ್ನು ದಯವಿಟ್ಟು ಬಿಡಿ. ಜೊಲ್ಲು ಸುರಿಯುತ್ತಿದೆಯಾ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣಗಾಗಿದೆಯಾ ನೋಡಿ. ಬಿಸಿಲಿನ ಪೆಟ್ಟಿಗೆ ಹೀಗಾಗುವುದಿಲ್ಲ. ಕಾಣದಿದ್ದರೂ, ಎಣ್ಣೆ ಹೊಡೆದವರಾದರೆ ವಿಷ ಅಂತಲೇ ತಿಳಿಯಿರಿ. ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಧಾರಾಳ ನೀರಲ್ಲಿ ಮೈ ತೊಳೆಯಿರಿ, 108ಕ್ಕೆ ಫೋನ್ ಮಾಡಿ. ತೊಳೆಯುವವರೂ ಕೈಗವಸು ಹಾಕಲಿ. ಹಾಲು, ಮಜ್ಜಿಗೆ, ನಿಂಬೆರಸ ಏನೂ ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಬಾಟಲಿಯನ್ನು ಆಸ್ಪತ್ರೆಗೆ ತರಲು ಮರೆಯಬೇಡಿ. ಮೇಲೆ ಹೇಳಿದ ಗುಂಪಿನ ವಿಷಕ್ಕೆ ಅಟ್ರೊಪಿನ್ ಇದೆ, ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಯಾವುದು ತಗುಲಿದೆ ಅಂತ ಗೊತ್ತಾಗದೆ ಕಳೆಯುವ ಒಂದೊಂದು ನಿಮಿಷವೂ ದುಬಾರಿ.

ಹೆಂಗಸರು ಹಿಂದೆ ನಿಂತು, "ನಾವು ಹೊಡೆಯಂಗಿಲ್ಲ, ನಮಗ್ಯಾಕ್ರಿ?" ಅನ್ನುತ್ತಾರೆ. ಕಲಸಲು ನೀರು ಹೊರುವವರು ಅವರು. ಹೊಡೆದ ಮರುದಿನವೇ ಅದೇ ಸಾಲಿನಲ್ಲಿ ಕಳೆ ತೆಗೆಯುವವರು ಅವರು. ಸಂಜೆ ಆ ಅಂಗಿ, ಲುಂಗಿಯನ್ನು ಮಕ್ಕಳ ಬಟ್ಟೆಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಸಿ, ಬರಿಗೈಯಲ್ಲಿ ಉಜ್ಜುವವರೂ ಅವರೇ. ಮುಂದಿನ ಹಂಗಾಮಿನಿಂದ ನೀಲಿ ನೀರಿನ ಪ್ರಯೋಗವನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೂ ಮಾಡಬೇಕೆಂದಿದ್ದೇವೆ. ಆಶಾ ಕಾರ್ಯಕರ್ತೆಯರು ಜೊತೆಗೆ ಬರಲು ಒಪ್ಪಿದ್ದಾರೆ.