ಎಣಿಸು ಅನ್ನಬೇಡಿ, ಕೊಡು ಅನ್ನಿ: ಒಂದನೇ ತರಗತಿಯ ಎಣಿಕೆ ಬಗ್ಗೆ ಟಿಪ್ಪಣಿ

ಬೋಧನಾಭ್ಯಾಸಕ್ಕೆ ಹೋದ ಎರಡನೇ ದಿನ. ಆಟ, ಚಟುವಟಿಕೆಗಳಿಂದ ಕಲಿಸುವ ನಲಿ-ಕಲಿ ಕೋಣೆಯಲ್ಲಿ ಒಂದನೇ ತರಗತಿಯ ಹುಡುಗನೊಬ್ಬ ನನ್ನ ಪಕ್ಕ ಬಂದು ಕೂತು, "ಟೀಚರ್, ನಂಗೆ ನೂರ್ ಗಂಟ ಬತ್ತದೆ" ಅಂದ. ಹೇಳು ಅಂದೆ. ಒಂದೇ ಉಸಿರಿಗೆ ಹೇಳಿ ಮುಗಿಸಿದ. ಎಲ್ಲೂ ತಪ್ಪಲಿಲ್ಲ. ಎದುರಿಗೆ ಹುಣಸೆಬೀಜದ ಡಬ್ಬಿ ಇತ್ತು. "ಆರು ಬೀಜ ಕೊಡು" ಅಂದೆ. ಡಬ್ಬಿಗೆ ಕೈ ಹಾಕಿ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದ. ಎಣಿಸಿ ನೋಡಿದೆ, ಹನ್ನೊಂದು ಇದ್ದವು. "ಆರು ಇದೆಯಾ?" ಅಂತ ಕೇಳಿದೆ. "ಹೂಂ" ಅಂದ, ಒಂಚೂರೂ ಅನುಮಾನ ಇಲ್ಲದೆ.

ಪ್ರಾಥಮಿಕ ಶಾಲಾ ಶಿಕ್ಷಕರಾಗಲು ಡಿ.ಇಎಲ್.ಇಡಿ. ಡಿಪ್ಲೊಮಾ ಓದುತ್ತಿರುವ ಗೆಳೆಯ ಗೆಳತಿಯರಿಗೆ ಈ ಟಿಪ್ಪಣಿ. ಎಣಿಕೆಯ ತತ್ವಗಳನ್ನು ನಾವೆಲ್ಲ ಪರೀಕ್ಷೆಗೆ ಓದುತ್ತೇವೆ. ಆದರೆ ಮಗುವಿನ ಕೈಯಲ್ಲಿ ಬೀಜ ಇರುವಾಗ ಅವು ಹೇಗೆ ಕಾಣುತ್ತವೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೇಳುವುದು ಬೇರೆ, ಎಣಿಸುವುದು ಬೇರೆ

ಒಂದು, ಎರಡು, ಮೂರು ಅಂತ ಸಾಲಾಗಿ ಹೇಳುವುದು ಹಾಡು ಕಲಿತ ಹಾಗೆ. ಅದೂ ಬೇಕು, ಅದಿಲ್ಲದೆ ಎಣಿಕೆ ಇಲ್ಲ. ಆದರೆ ಮಗುವಿಗೆ "ಎಣಿಸು" ಅಂದರೆ ಅದು ಆ ಹಾಡನ್ನೇ ಹೇಳುತ್ತದೆ. ನಾವು ಖುಷಿಪಟ್ಟು ಮುಂದಿನ ಪಾಠಕ್ಕೆ ಹೋಗುತ್ತೇವೆ. "ಕೊಡು" ಅಂದಾಗ ಮಾತ್ರ ಹಾಡು ಸಾಕಾಗುವುದಿಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರಬೇಕು. ಆರು ಅನ್ನುವುದನ್ನು ಮನಸ್ಸಲ್ಲಿ ಇಟ್ಟುಕೊಂಡು, ಒಂದೊಂದೇ ತೆಗೆದು, ಆರು ಬಂದ ತಕ್ಷಣ ಕೈ ನಿಲ್ಲಬೇಕು.

ಕ್ಯಾರೆನ್ ವಿನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞೆ 1990ರಲ್ಲಿ ಮತ್ತು 1992ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಇದೇ ಕೆಲಸ ಮಾಡಿದ್ದರು. ಎರಡೂವರೆ, ಮೂರು ವರ್ಷದ ಮಕ್ಕಳಿಗೆ ಆಟಿಕೆಗಳ ರಾಶಿ ತೋರಿಸಿ, ಇಷ್ಟು ಕೊಡು ಅಂತ ಕೇಳಿದರು. ಮಕ್ಕಳು ಒಂದೊಂದೇ ಮೆಟ್ಟಿಲು ಹತ್ತುವುದು ಕಂಡುಬಂತು. ಮೊದಲು "ಒಂದು" ಮಾತ್ರ ಗೊತ್ತು, ಬೇರೆ ಏನು ಕೇಳಿದರೂ ಒಂದು ಹಿಡಿ ಕೊಡುತ್ತಾರೆ. ಕೆಲವು ತಿಂಗಳಾದ ಮೇಲೆ "ಎರಡು" ಗೊತ್ತಾಗುತ್ತದೆ. ಆಮೇಲೆ "ಮೂರು". ಅದಾದ ಮೇಲೆ ಒಂದು ದೊಡ್ಡ ಜಿಗಿತ. ಎಣಿಸುವಾಗ ಕೊನೆಗೆ ಹೇಳಿದ ಪದವೇ ಒಟ್ಟು ಎಷ್ಟು ಅನ್ನುವುದನ್ನು ಹೇಳುತ್ತದೆ ಅಂತ ಹೊಳೆಯುತ್ತದೆ. ಆಮೇಲೆ ಐದು, ಏಳು, ಎಂಟು ಎಲ್ಲ ಒಟ್ಟಿಗೆ ಬಂದುಬಿಡುತ್ತವೆ, ಬಾಯಿಗೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ.

ಮರುದಿನ ನಮ್ಮ ಹುಡುಗನಿಗೆ ಎರಡು ಕೇಳಿದೆ, ಸರಿಯಾಗಿ ಕೊಟ್ಟ. ಮೂರೂ ಸರಿ. ನಾಲ್ಕು ಅಂದಾಗ ಮತ್ತೆ ಹಿಡಿ. ಅಂದರೆ ಅವನು ನಿಂತಿದ್ದು ಮೂರರ ಮೆಟ್ಟಿಲಲ್ಲಿ, ಹೇಳುತ್ತಿದ್ದದ್ದು ನೂರರವರೆಗೆ. ಆರು ವರ್ಷದ ಮಗು ಆ ಮೆಟ್ಟಿಲಲ್ಲೇ ಉಳಿದಿದ್ದರೆ ಅದು ಮಗುವಿನ ತಪ್ಪಲ್ಲ. ಅವನನ್ನು ಯಾರೂ "ಕೊಡು" ಅಂತ ಕೇಳಿರಲೇ ಇಲ್ಲ, ಅಷ್ಟೇ.

ಐದು ತತ್ವಗಳು, ನಮ್ಮ ಭಾಷೆಯಲ್ಲಿ

ಮನಃಶಾಸ್ತ್ರಜ್ಞರಾದ ರೋಶೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ 1978ರಲ್ಲಿ ಎಣಿಕೆಗೆ ಐದು ತತ್ವಗಳನ್ನು ಹೇಳಿದರು. ಮೊದಲನೆಯದು ಒಂದು ವಸ್ತುವಿಗೆ ಒಂದೇ ಪದ. ತರಗತಿಯಲ್ಲಿ ಜಾಸ್ತಿ ತಪ್ಪು ಕಾಣುವುದು ಇಲ್ಲೇ. ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ ಓಡುತ್ತವೆ. "ಏ-ಳು" ಅನ್ನುವಾಗ ಎರಡು ಅಕ್ಷರಕ್ಕೆ ಎರಡು ಬೀಜ ಮುಟ್ಟಿದ ಮಗುವನ್ನು ನೋಡಿದ್ದೇನೆ. ಮುಟ್ಟಿ ಎಣಿಸಿದರೆ ಸಾಲದು, ಬೀಜವನ್ನು ಎಣಿಸದ ಕಡೆಯಿಂದ ಎಣಿಸಿದ ಕಡೆಗೆ ಸರಿಸಲು ಹೇಳಿ. ಚಾಪೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಬೀಜ ಗೆರೆ ದಾಟಲಿ ಅಂದರೆ ಅರ್ಧ ತಪ್ಪು ಹೋಗುತ್ತದೆ. ತರಗತಿಯಲ್ಲಿ ತಲೆ ಮೇಲೆ ಕಟ್ಟಿದ ಚಪ್ಪರಕ್ಕೆ ತೂಗುಹಾಕಿದ ಚಿತ್ರಗಳನ್ನೋ ಕಿಟಕಿಯ ಸರಳುಗಳನ್ನೋ ಎಣಿಸುವುದು ಇದಕ್ಕಿಂತ ಕಷ್ಟ, ಸರಿಸಲು ಆಗುವುದಿಲ್ಲವಲ್ಲ. ಚಪ್ಪಾಳೆ ಎಣಿಸುವುದು ಇನ್ನೂ ಕಷ್ಟ. ಹೊಡೆದ ಚಪ್ಪಾಳೆ ಅಲ್ಲೇ ಮಾಯ. ಅದಕ್ಕೇ ಈ ಕ್ರಮದಲ್ಲೇ ಕೊಡಬೇಕು.

ಎರಡನೆಯದು ಪದಗಳ ಕ್ರಮ ಬದಲಾಗಬಾರದು ಅನ್ನುವುದು. ಹಳ್ಳಿ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ "ಒಂದು" ಅನ್ನದೆ "ಲಾಭ" ಅನ್ನುತ್ತಾರೆ. ಆಮೇಲೆ ಎರಡು, ಮೂರು. ಪದ ಬೇರೆಯಾದರೂ ಲೆಕ್ಕ ತಪ್ಪುವುದಿಲ್ಲ. ಪ್ರತಿ ಸಲವೂ ಅದೇ ಜಾಗದಲ್ಲಿ ಅದೇ ಪದ ಬಂದರೆ ಸಾಕು. ಈ ತತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೂರನೆಯದು ಕೊನೆಯ ಪದವೇ ಒಟ್ಟು ಸಂಖ್ಯೆ. ಮಗು ಐದು ಬೀಜ ಎಣಿಸಿ ಮುಗಿಸಿದ ಮೇಲೆ "ಹಾಗಾದರೆ ಎಷ್ಟಿವೆ?" ಅಂತ ಕೇಳಿ ನೋಡಿ. ಕೆಲವರು "ಐದು" ಅನ್ನುತ್ತಾರೆ. ಕೆಲವರು ಮತ್ತೆ ಒಂದರಿಂದ ಶುರು ಮಾಡುತ್ತಾರೆ. ಅವರ ಪಾಲಿಗೆ "ಎಷ್ಟಿವೆ" ಅಂದರೆ "ಇನ್ನೊಂದು ಸಲ ಹಾಡು" ಅಂತ ಅರ್ಥ. "ಐದು ತೋರಿಸು" ಅಂದರೆ ಕೊನೆಯ ಬೀಜದ ಮೇಲೆ ಮಾತ್ರ ಬೆರಳಿಡುವವರೂ ಇದ್ದಾರೆ. ಐದು ಅನ್ನುವುದು ಆ ಬೀಜದ ಹೆಸರು ಅಂದುಕೊಂಡಿರುತ್ತಾರೆ. ಇದಕ್ಕೆ ನಮ್ಮ ಶಾಲೆಯ ಹಿರಿಯ ಶಿಕ್ಷಕಿ ಒಂದು ಅಭ್ಯಾಸ ಇಟ್ಟುಕೊಂಡಿದ್ದರು. ಎಣಿಸಿ ಮುಗಿದ ಕೂಡಲೇ ಮಗುವಿನ ಕೈ ಹಿಡಿದು ಎಲ್ಲ ಬೀಜಗಳ ಸುತ್ತ ಒಂದು ದೊಡ್ಡ ಸುತ್ತು ಬರೆಸಿ, "ಎಲ್ಲಾ ಸೇರಿ ಐದು" ಅನ್ನಿಸುತ್ತಿದ್ದರು. ದಿನಾ ಅದೇ ಮಾತು, ಅದೇ ಸುತ್ತು. ಎರಡು ವಾರದಲ್ಲಿ ಮಕ್ಕಳು ತಾವೇ ಸುತ್ತು ಬರೆಯಲು ಶುರು ಮಾಡಿದರು.

ಉಳಿದವು ಎರಡು. ಯಾವುದನ್ನು ಬೇಕಾದರೂ ಎಣಿಸಬಹುದು, ಮತ್ತು ಯಾವ ತುದಿಯಿಂದ ಎಣಿಸಿದರೂ ಲೆಕ್ಕ ಅಷ್ಟೇ. ಕೊನೆಯದಕ್ಕೆ ಬೀಜದ ಸಾಲನ್ನು ಎಡದಿಂದ, ಬಲದಿಂದ, ನಡುವಿನಿಂದ ಎಣಿಸುವ ಆಟ ಸಾಕು.

ಆದರೆ "ಯಾವುದನ್ನು ಬೇಕಾದರೂ" ಅನ್ನುವ ತತ್ವದಲ್ಲಿ ಕನ್ನಡಕ್ಕೇ ಸೇರಿದ ಒಂದು ತೊಡಕಿದೆ. ನಾವು ಎರಡು ಬೀಜ ಅನ್ನುತ್ತೇವೆ, ಆದರೆ ಇಬ್ಬರು ಹುಡುಗರು. ಮೂರು ಹಸು, ಆದರೆ ಮೂವರು ಅಕ್ಕಂದಿರು. ನಾಲ್ವರು, ಐವರು. ಆಮೇಲೆ ಆರು ಜನ, ಏಳು ಜನ. ಮನೆಯಲ್ಲಿ "ಇಬ್ರು ಬಂದ್ರು" ಅಂತ ಕೇಳಿ ಬೆಳೆದ ಮಗುವಿಗೆ ಆ "ಇಬ್ರು" ಮತ್ತು ಈ "ಎರಡು" ಒಂದೇ ಅಂತ ತಾನಾಗಿ ಹೊಳೆಯಲೇಬೇಕು ಅಂತೇನಿಲ್ಲ. ಒಂದು ದಿನ ಇದಕ್ಕೇ ಮೀಸಲಿಡಿ. ಇಬ್ಬರು ಮಕ್ಕಳನ್ನು ನಿಲ್ಲಿಸಿ, ಒಬ್ಬೊಬ್ಬರ ತಲೆ ಮೇಲೆ ಒಂದೊಂದು ಬೀಜ ಇಟ್ಟು, ಬೀಜ ಎಷ್ಟು, ಜನ ಎಷ್ಟು ಅಂತ ಕೇಳಿ. ಮಕ್ಕಳು ನಗುತ್ತಾರೆ, ಬೀಜ ಬೀಳುತ್ತದೆ, ವಿಷಯ ಉಳಿಯುತ್ತದೆ.

ಎಣಿಸದೆ ಗೊತ್ತಾಗುವ ಸಂಖ್ಯೆ

ಮೂರು ನಾಲ್ಕು ವಸ್ತುಗಳವರೆಗೆ ನಾವು ಎಣಿಸುವುದೇ ಇಲ್ಲ, ಕಣ್ಣು ಹಾಕಿದರೆ ಸಾಕು. ಇದಕ್ಕೆ ಸಬಿಟೈಸಿಂಗ್ ಅನ್ನುತ್ತಾರೆ. ಚೌಕಾಬಾರ ಆಡುವ ಮಗುವಿನಲ್ಲಿ ಇದು ಚೆನ್ನಾಗಿ ಬೆಳೆದಿರುತ್ತದೆ. ನಾಲ್ಕು ಕವಡೆ ಬಿದ್ದ ತಕ್ಷಣ ಎಷ್ಟು ಬಾಯಿ ಮೇಲಿವೆ ಅಂತ ಯಾರೂ ಬೆರಳಿಟ್ಟು ಎಣಿಸುವುದಿಲ್ಲ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕೆಳಗಾದರೆ ಬಾರ, ಅಂದರೆ ಎಂಟು. ಆಮೇಲೆ ಎಂಟು ಮನೆ ಕಾಯಿ ನಡೆಸಬೇಕು, ಅಲ್ಲಿ ಒಂದು ಹೆಜ್ಜೆಗೆ ಒಂದು ಪದ. ಅಳಗುಳಿಮಣೆಯಲ್ಲೂ ಹಾಗೆಯೇ, ಒಂದೊಂದು ಗುಳಿಗೆ ಒಂದೊಂದೇ ಕಾಳು. ಈ ಮಣೆ ಇನ್ನೂ ಅಟ್ಟದ ಮೇಲಿರುವ ಮನೆಗಳಿವೆ, ದಯವಿಟ್ಟು ಕೇಳಿ ತರಗತಿಗೆ ತನ್ನಿ.

ಪಿಯಾಜೆ ಪ್ರಯೋಗ ಮಾಡುವಾಗ

ಸ್ವಿಸ್ ಮನಃಶಾಸ್ತ್ರಜ್ಞ ಪಿಯಾಜೆಯ ಪ್ರಯೋಗ ಗೊತ್ತಲ್ಲ. ಎರಡು ಸಾಲು ಬೀಜ, ಎರಡರಲ್ಲೂ ಆರಾರು. ಮಗು ಎರಡೂ ಸಮ ಅನ್ನುತ್ತದೆ. ಒಂದು ಸಾಲನ್ನು ಬಿಡಿಬಿಡಿಯಾಗಿ ಹರಡಿ ಕೇಳಿದರೆ "ಇದ್ರಲ್ಲಿ ಜಾಸ್ತಿ" ಅನ್ನುತ್ತದೆ. ಸಂಖ್ಯೆಯ ಸ್ಥಿರತೆ, ಅಂದರೆ ಜೋಡಣೆ ಬದಲಾದರೂ ಸಂಖ್ಯೆ ಬದಲಾಗದು ಅನ್ನುವ ತಿಳಿವಳಿಕೆ, ಇನ್ನೂ ಬಂದಿಲ್ಲ ಅಂತ ನಾವು ದಾಖಲೆಯಲ್ಲಿ ಬರೆಯುತ್ತೇವೆ. ಹಾಗೆ ಬರೆಯುವ ಮುನ್ನ ಇನ್ನೊಂದು ಪ್ರಯೋಗವನ್ನೂ ಓದಿ. 1974ರಲ್ಲಿ ಮ್ಯಾಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಎಂಬ ಸಂಶೋಧಕರು ಇದನ್ನೇ ಸ್ವಲ್ಪ ಬದಲಿಸಿದರು. ಸಾಲನ್ನು ದೊಡ್ಡವರು ಕೆದಕಲಿಲ್ಲ, ತುಂಟ ಕರಡಿ ಗೊಂಬೆಯೊಂದು ಬಂದು ಕೆಡಿಸಿತು. ಆಗ ಎಷ್ಟೋ ಜಾಸ್ತಿ ಮಕ್ಕಳು "ಈಗಲೂ ಸಮ" ಅಂದರು. ಟೀಚರ್ ಬೇಕಂತಲೇ ಏನೋ ಬದಲಿಸಿ, ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ, ಮೊದಲ ಉತ್ತರ ತಪ್ಪಿರಬೇಕು ಅಂತ ಮಗು ಭಾವಿಸುತ್ತದೆ. ನಮ್ಮ ಮಕ್ಕಳಿಗಂತೂ ಟೀಚರ್ ಮಾತು ಅಂದರೆ ಅಷ್ಟು ಭಾರ, ಅಲ್ವಾ?

ಹತ್ತು ದಾಟಿದ ಮೇಲೆ

ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಕಾರ್ಯಕ್ರಮ 2021ರ ಜುಲೈ 5ರಂದು ಶುರುವಾಯಿತು. ಅದರ ಗುರಿಯಂತೆ ಒಂದನೇ ತರಗತಿ ಮುಗಿಯುವಾಗ ಮಗು 99ರವರೆಗೆ ಸಂಖ್ಯೆ ಓದಿ ಬರೆಯಬೇಕು. ಈ ದಾರಿಯಲ್ಲಿ ಕನ್ನಡ ನಮಗೆ ದೊಡ್ಡ ಸಹಾಯ ಮಾಡುತ್ತದೆ. ಅದನ್ನು ನಾವು ಬಳಸುವುದೇ ಇಲ್ಲ.

ಹದಿಮೂರು ಅಂದರೆ ಹತ್ತು ಮತ್ತು ಮೂರು. ಬರೆಯುವ ಕ್ರಮವೂ ಅದೇ, ಮೊದಲು 1, ಆಮೇಲೆ 3. ಇಂಗ್ಲಿಷಿನ ಥರ್ಟೀನ್‌ನಲ್ಲಿ ಮೂರು ಮುಂದೆ ಬರುತ್ತದೆ. ಹಿಂದಿಯಲ್ಲಿ 29ಕ್ಕೆ ಉನ್‌ತೀಸ್, ಅಂದರೆ ಮೂವತ್ತಕ್ಕೆ ಒಂದು ಕಮ್ಮಿ. ನಮ್ಮಲ್ಲಿ ಸುಮ್ನೆ ಇಪ್ಪತ್ತೊಂಬತ್ತು. ಹತ್ತಕ್ಕೆ ಹಳಗನ್ನಡದಲ್ಲಿ "ಪತ್ತು" ಅನ್ನುತ್ತಿದ್ದರು. ಇಪ್ಪತ್ತು ಅಂದರೆ ಎರಡು ಪತ್ತು, ಮೂವತ್ತು ಅಂದರೆ ಮೂರು, ಐವತ್ತು ಅಂದರೆ ಐದು. ಪೊರಕೆಕಡ್ಡಿಗಳನ್ನು ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸಿ. ಮೂರು ಕಟ್ಟು ಎತ್ತಿ ಹಿಡಿದು "ಮೂರು ಹತ್ತು, ಮೂವತ್ತು" ಅನ್ನಿಸಿ. ಪದದ ಒಳಗೇ ಕಟ್ಟುಗಳ ಲೆಕ್ಕ ಇದೆ ಅಂತ ಮಕ್ಕಳಿಗೆ ಕಿವಿಯಲ್ಲೇ ಗೊತ್ತಾಗುತ್ತದೆ.

ಎಡವುವ ಜಾಗಗಳೂ ಇವೆ. ಒಂಬತ್ತು, ಎಂಬತ್ತು, ತೊಂಬತ್ತು, ಮೂರೂ ಒಂದೇ ಥರ ಕೇಳಿಸುತ್ತವೆ. ಒಂಬತ್ತು ಒಂಟಿಯಾಗಿ ಸಣ್ಣದು, ಉಳಿದೆರಡು ದೊಡ್ಡವು. ಎಂಬತ್ತೊಂಬತ್ತು ಮತ್ತು ತೊಂಬತ್ತೆಂಟರ ಗೊಂದಲ ಎರಡನೇ ತರಗತಿಯಲ್ಲೂ ಕಾಣುತ್ತದೆ. ಇವನ್ನು ಯಾವಾಗಲೂ ಕಡ್ಡಿ ಕೈಯಲ್ಲಿ ಹಿಡಿದೇ ಹೇಳಿಸಿ. ಇನ್ನೊಂದು, "ಇಪ್ಪತ್ತೊಂಬತ್ತು, ಇಪ್ಪತ್ತಹತ್ತು" ಅನ್ನುವ ಮಗುವನ್ನು ಬೈಯಬೇಡಿ. ಅದಕ್ಕೆ ನಿಯಮ ಸಿಕ್ಕಿದೆ. ಹತ್ತು ಬಿಡಿ ಕಡ್ಡಿಗಳನ್ನು ಕಟ್ಟು ಮಾಡಿಸಿ, ಈಗ ಎಷ್ಟು ಕಟ್ಟು ಅಂತ ಕೇಳಿದರೆ ಮೂವತ್ತು ತಾನಾಗಿ ಬರುತ್ತದೆ.

ಬರೆಯುವಾಗ ಇಪ್ಪತ್ಮೂರಕ್ಕೆ 203 ಅಂತ ಬರೆಯುತ್ತಾರೆ. ಕೇಳಿದ್ದನ್ನು ಹಾಗೇ ಬರೆದಿದ್ದಾರೆ, 20, ಆಮೇಲೆ 3. ಎರಡು ಚೀಟಿ ಮಾಡಿ, ಉದ್ದದ ಚೀಟಿಯಲ್ಲಿ 20, ಅದರ ಅರ್ಧದಷ್ಟು ಚೀಟಿಯಲ್ಲಿ 3. ಮೂರರ ಚೀಟಿಯನ್ನು ಸೊನ್ನೆಯ ಮೇಲೆ ಇಟ್ಟು, ಸೊನ್ನೆ ಅಡಿಯಲ್ಲೇ ಇದೆ ಅಂತ ಎತ್ತಿ ತೋರಿಸಿ. ಮತ್ತೆ ಮುಚ್ಚಿ. ನಾಲ್ಕೈದು ಸಲ ಮಗುವೇ ಎತ್ತಿ ಮುಚ್ಚಲಿ.

ಮನೆಯಲ್ಲಿ ಉರ್ದು, ಮರಾಠಿ, ಲಂಬಾಣಿ ಮಾತಾಡುವ ಮಕ್ಕಳು ಮೊದಲು ತಮ್ಮ ಭಾಷೆಯಲ್ಲೇ ಎಣಿಸಲಿ. "ಕೊಡು" ಅಂದಾಗ ಸರಿಯಾಗಿ ಕೊಟ್ಟರೆ ಎಣಿಕೆ ಬಂದಿದೆ ಅಂತಲೇ ಲೆಕ್ಕ. ಕನ್ನಡದ ಪದ ಆಮೇಲೆ ಕೂರುತ್ತದೆ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಗಣಿತಕ್ಕೆ ಅನುಭವ, ಮಾತು, ಚಿತ್ರ, ಸಂಕೇತ ಅನ್ನುವ ಕ್ರಮವನ್ನೇ ಹೇಳುತ್ತದೆ. ಅಂಕಿ ಬರೆಯುವುದು ಕೊನೆಯ ಮೆಟ್ಟಿಲು. ನಾವು ಸ್ಲೇಟು ಕೊಟ್ಟು ಅಲ್ಲಿಂದಲೇ ಶುರು ಮಾಡಿಬಿಡುತ್ತೇವೆ.

ಮೊಟ್ಟೆ ಲೆಕ್ಕ

ಎಣಿಕೆಗೆ ನಿಜವಾದ ಕಾರಣ ಬೇಕು. ನಮ್ಮ ಶಾಲೆಗಳಲ್ಲಿ ಅದು ಬಿಸಿಯೂಟದ ರೂಪದಲ್ಲಿ ದಿನಾ ಬರುತ್ತದೆ. ಮೊಟ್ಟೆ ಕೊಡುವ ದಿನ ಎಷ್ಟು ಮಂದಿಗೆ ಮೊಟ್ಟೆ, ಎಷ್ಟು ಮಂದಿಗೆ ಬಾಳೆಹಣ್ಣು ಅಂತ ಅಡುಗೆಯವರಿಗೆ ಹೇಳಬೇಕು. ಆ ಲೆಕ್ಕವನ್ನು ನಾವೇ ಮಾಡಿ ಕಳಿಸುತ್ತಿದ್ದೆವು. ನನ್ನ ಕೊನೆಯ ವಾರದಲ್ಲಿ ಅದನ್ನು ಆ ಹುಡುಗನಿಗೆ ಕೊಟ್ಟೆ. ಅಷ್ಟರಲ್ಲಿ ಅವನು ಐದು ಕೇಳಿದರೆ ಐದೇ ಕೊಡುತ್ತಿದ್ದ. ಐದು ಬಂದ ವಾರವೇ ಎಂಟೂ ಬಂದಿತ್ತು, ಒಂಬತ್ತೂ ಬಂದಿತ್ತು.

ಮೊಟ್ಟೆ ಬೇಕಾದವರು ಕೈ ಎತ್ತಿದರು. ಕೈಗಳು ಅಲುಗಾಡುತ್ತಿದ್ದವು, ಮೊದಲ ಸಲ ಲೆಕ್ಕ ತಪ್ಪಿತು. ಅವನೇ ಹೋಗಿ ಬಟ್ಟಲು ತಂದ. ಒಬ್ಬೊಬ್ಬರ ಮುಂದೆ ಹೋಗಿ, ಅವರ ಕೈ ಕೆಳಗಿಳಿಸಿ, ಬಟ್ಟಲಿಗೆ ಒಂದು ಬೀಜ ಹಾಕುತ್ತಾ ಬಂದ. ಬೀಜಗಳನ್ನು ಗೆರೆ ದಾಟಿಸಿ ಎಣಿಸಿದ. ಹದಿನೇಳು. ಅಡುಗೆ ಕೋಣೆಗೆ ಹೋಗಿ ಹೇಳಿ ಬಂದ.

ಮಧ್ಯಾಹ್ನ ಹಂಚುವಾಗ ಎಲ್ಲರಿಗೂ ಮೊಟ್ಟೆ ಬಂತು, ಅವನ ತಟ್ಟೆ ಮಾತ್ರ ಖಾಲಿ. ಹೊಳೆ ದಾಟಿದ ಹತ್ತು ಜನರ ಕಥೆ ನಮಗೆಲ್ಲ ಗೊತ್ತಿದೆ, ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿದ ಕಥೆ. ನಾನು ಏನೂ ಹೇಳಲಿಲ್ಲ. ಅವನು ತಟ್ಟೆ ನೋಡಿದ, ಸುತ್ತ ಕೂತವರನ್ನು ನೋಡಿದ. ಎದ್ದು ಹೋಗಿ ಬಟ್ಟಲಿಗೆ ಇನ್ನೊಂದು ಬೀಜ ಹಾಕಿದ. ಒಂದರಿಂದ ಮತ್ತೆ ಎಣಿಸಲಿಲ್ಲ. "ಹದಿನೆಂಟು" ಅಂತ ಹೇಳಿ ಅಡುಗೆ ಕೋಣೆ ಕಡೆ ಓಡಿದ.