ಕಟಿಂಗ್ ಪ್ಲೇಯರ್‌ ಹಿಡಿಯ ಹಳೇ ಕವರ್ ತೆಗೆಯುವುದು

ಹಿಡಿ ಅಂಟಂಟಾದರೆ ಸೋಪು ಹಾಕಿ ಉಜ್ಜುತ್ತೇವೆ ಅಲ್ವಾ? ನಾಲ್ಕು ದಿನ ಸರಿ ಇರುತ್ತದೆ, ಮತ್ತೆ ಅಂಟು. ಅದು ಹೊರಗಿನ ಕೊಳೆ ಅಲ್ಲ, ಅದಕ್ಕೇ. ಹಿಡಿಯ ಕವರ್ ಸಾಮಾನ್ಯವಾಗಿ ಪಿವಿಸಿ ಅನ್ನುವ ಪ್ಲಾಸ್ಟಿಕ್‌ದು. ಪಿವಿಸಿ ಮೂಲದಲ್ಲಿ ಗಟ್ಟಿ. ನೀರಿನ ಪೈಪ್ ಕೂಡ ಪಿವಿಸಿಯೇ. ಹಿಡಿಗೆ ಬೇಕಾದ ಮೆತ್ತನೆಯ ಗುಣ ಬರಲು ಅದಕ್ಕೆ ಪ್ಲಾಸ್ಟಿಸೈಸರ್ ಅನ್ನುವ ಎಣ್ಣೆಯಂಥ ದ್ರವ ಬೆರೆಸುತ್ತಾರೆ. ಬಿಸಿಲು, ಗ್ರೀಸ್, ವಯಸ್ಸು ಸೇರಿ ಆ ದ್ರವವನ್ನು ನಿಧಾನಕ್ಕೆ ಹೊರಗೆ ಎಳೆಯುತ್ತವೆ. ಮೊದಲು ಅಂಟು, ಆಮೇಲೆ ಗಡಸು, ಕೊನೆಗೆ ಬಿರುಕು. ಹೋದದ್ದನ್ನು ಮತ್ತೆ ಸೇರಿಸಲು ಆಗುವುದಿಲ್ಲ. ಕವರ್ ಕಿತ್ತು ಹಾಕುವುದೇ ಸರಿ.

ಬ್ಲೇಡ್ ಹಿಡಿಯುವ ಮೊದಲು ಹಿಡಿಯ ಮೇಲೆ ಜೋಡಿ ತ್ರಿಕೋನ, 1000 ವೋಲ್ಟ್ ಗುರುತು ಇದೆಯಾ ನೋಡಿ. ಇದ್ದರೆ ಅದು ಐಇಸಿ 60900 ಅನ್ನುವ, ಕರೆಂಟ್ ಕೆಲಸದ ಕೈ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡದ ಉಪಕರಣ. ಅದರ ಕವರ್ 10,000 ವೋಲ್ಟ್‌ನಲ್ಲಿ ಪರೀಕ್ಷೆಯಾಗಿ ಬಂದಿರುತ್ತದೆ. ಕಿತ್ತು ಬೇರೆ ಹಾಕಿದರೆ ಆ ರಕ್ಷಣೆ ಹೋಯಿತು. ಕರೆಂಟ್ ಕೆಲಸಕ್ಕೆ ಹೊಸದನ್ನೇ ತನ್ನಿ, ಇದರಲ್ಲಿ ಉಳಿತಾಯ ಬೇಡ.

ಸಾಮಾನ್ಯ ಪ್ಲೇಯರ್ ಆದರೆ ಕೆಲಸ ಸುಲಭ. ಹಿಡಿಯನ್ನು ಕುದಿಯುವಷ್ಟು ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿಡಿ, ಪಿವಿಸಿ ಮೆತ್ತಗಾಗುತ್ತದೆ. ಬಾಯಿಯ ಕಡೆಯನ್ನು ವೈಸ್‌ಗೆ (ಮೇಜಿಗೆ ಕೂರಿಸಿದ ಬಿಗಿಹಿಡಿತದ ಉಪಕರಣ) ಕಚ್ಚಿಸಿ, ಉದ್ದಕ್ಕೂ ಒಂದು ಗೀರು ಹಾಕಿ, ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯಿರಿ. ಬ್ಲೇಡ್ ಯಾವಾಗಲೂ ಕೈಯಿಂದ ದೂರಕ್ಕೆ ಹೋಗಬೇಕು. ಸುಟ್ಟು ತೆಗೆಯಬೇಡಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಗಂಟಲನ್ನೂ ಉರಿಸುತ್ತದೆ, ಕಬ್ಬಿಣಕ್ಕೂ ತುಕ್ಕು ಹಿಡಿಸುತ್ತದೆ.

ಉಳಿದ ಜಿಗುಟನ್ನು ಐಸೋಪ್ರೊಪೈಲ್ ಸ್ಪಿರಿಟ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಪೇಂಟ್ ತೆಳುಮಾಡುವ ಥಿನ್ನರ್, ಗಾಳಿ ಆಡುವ ಕಡೆ, ಬೆಂಕಿಯಿಂದ ದೂರ. ಇದು ಕಬ್ಬಿಣದ ಹಿಡಿಗೆ ಮಾತ್ರ. ಸ್ಕ್ರೂಡ್ರೈವರ್‌ನ ಪಾರದರ್ಶಕ ಹಿಡಿ ಹೆಚ್ಚಾಗಿ ಸೆಲ್ಯುಲೋಸ್ ಅಸಿಟೇಟ್‌ದು. ಅಸಿಟೋನ್ ಇರುವ ಥಿನ್ನರ್ ತಾಗಿದರೆ ಹಿಡಿಯೇ ಕರಗುತ್ತದೆ! ಅದರ ಮೇಲೆ ಬಿಳಿ ಪುಡಿ, ಹುಳಿ ವಾಸನೆ ಬಂದಿದ್ದರೆ ಸೋಪು ನೀರು, ಹಳೇ ಟೂತ್‌ಬ್ರಷ್ ಸಾಕು.

ಪ್ಲೇಯರ್‌ನ ಕವರ್ ಒಳಗೆ ತೇವ ಸೇರಿ ತುಕ್ಕು ಹಿಡಿದಿರುವುದು ಮಾಮೂಲು. ತಂತಿ ಬ್ರಷ್, ಎಮರಿ ಪೇಪರ್ ಹಾಕಿ ಉಜ್ಜಿ. ಎರಡು ಹಿಡಿ ಸೇರುವ ಕೀಲಿನ ಜಾಗಕ್ಕೆ ಎರಡು ಹನಿ ಎಣ್ಣೆ ಬಿಡಿ, ಹಿಡಿಗೆ ತಾಗದಂತೆ. ಹೊಸ ಸ್ಲೀವ್ (ಹಿಡಿಗೆ ತೊಡಿಸುವ ಕವರ್) ಹಾಕುವಾಗ ಜಾರಲಿ ಅಂತ ಸುಮ್ನೆ ಸೋಪು ನೀರು ಹಚ್ಚುವವರೇ ಜಾಸ್ತಿ. ಆ ನೀರು ಒಳಗೇ ಉಳಿದು ಮತ್ತೆ ತುಕ್ಕು. ಬದಲಿಗೆ ಸ್ಪಿರಿಟ್ ಹಚ್ಚಿ. ಹಾಕುವಾಗ ಜಾರುತ್ತದೆ, ಆರಿದ ಮೇಲೆ ಸ್ಲೀವ್ ಬಿಗಿಯಾಗಿ ಕೂರುತ್ತದೆ.